ಗೌಜಲು ಮೊಟ್ಟೆಗೆ ಕೋಳಿ ಕಾವು

ಫೆಬ್ರವರಿ 3, ಸೋಮವಾರ

ಈ ಪುಸ್ತಕ ಹಕ್ಕಿ ಬರೆಯಲು ಕೊಟ್ಟದ್ದು. ಮೊಮ್ಮಗಳು ಪಾಲಮ್ಮ ಸಂಕ್ರಾಂತಿ ಆದಮೇಲೆ ತಂದುಕೊಟ್ಟು, "ಅಜ್ಜೀ, ನಿನ್ ಕಣ್ಣಿಗೆ ಬಿದ್ದಿದ್ನೆಲ್ಲ ಬರಿ, ತಾರೀಕು ಹಾಕು" ಅಂದಿದ್ದಳು. ನಾನು ನಾಲ್ಕನೇ ಕ್ಲಾಸು ಪಾಸು. ಐದಕ್ಕೆ ಹೋಗುವ ಮೊದಲು ಕುರಿ ಹಿಂದೆ ಹೋದೆ. ಹುಟ್ಟಿದಾಗಿನಿಂದ ನೋಡಿದ ಹಕ್ಕಿಯನ್ನು ಬರೆಯುವುದೇನು ಅಂತ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ಮುಟ್ಟಿದ್ದೇನೆ, ಮಾತಾಡುವವರು ಇಲ್ಲ ಅಂತ. ಪಾಲಮ್ಮ ಮಾತು ಬಿಟ್ಟಿದ್ದಾಳೆ.

ಅವಳ ಅಪ್ಪ ಅವ್ವ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿಗೆ ಹೋಗುತ್ತಾರೆ. ಇವಳು ಅಲ್ಲೇ ಕಾಲೇಜು ಓದುತ್ತಾಳೆ. ದಾಕ್ಷಾಯಿಣಿ ಮೇಡಂ ಅಂತ ಇವಳ ಟೀಚರು, ಸಿದ್ದಾಪುರದ ಕಡೆ ಗುಡ್ಡಗಳ ನಡುವೆ ಹೊಳೆ ಇಳಿದು ಬರುವ ಕಣಿವೆಯಲ್ಲಿ ಯಾವ ಹಕ್ಕಿ ಎಷ್ಟಿವೆ, ಎಲ್ಲಿ ಗೂಡು ಮಾಡಿವೆ, ಎಷ್ಟು ಮೊಟ್ಟೆ ಒಡೆದು ಮರಿಯಾದವು ಅಂತ ಬರೆದು ತರಲು ಹೇಳಿದ್ದಾರೆ. ಇಪ್ಪತ್ತನೇ ತಾರೀಕಿಗೆ ಒಪ್ಪಿಸಬೇಕು. ಅದಕ್ಕೇ ನಮ್ಮ ಹಟ್ಟಿಗೆ ಬಂದು ನನ್ನ ಹತ್ತಿರ ಉಳಿದಿದ್ದಾಳೆ.

ಹೋದ ಗುರುವಾರ ಹೊಳೆ ದಂಡೆಯ ಪೊದೆಯಲ್ಲಿ ಗೌಜಲು ಗೂಡು ಸಿಕ್ಕಿತು. ಆರು ಮೊಟ್ಟೆ. ಯಾರಿಗೂ ಹೇಳದೆ ನನಗೊಬ್ಬಳಿಗೆ ತೋರಿಸಿದಳು. ಅರ್ಧ ಫರ್ಲಾಂಗು ದೂರದ ಬಂಡೆ ಮೇಲೆ ಮಲಗಿ ದುರ್ಬೀನಿನಲ್ಲಿ ನೋಡುತ್ತಾಳೆ. "ಅದರ ಕತ್ತಿನ ಹತ್ರ ಗೆರೆ ಹೆಂಗೈತೆ ಅಂತ ಸರಿಯಾಗಿ ಕಾಣ್ತಿಲ್ಲ ಅಜ್ಜೀ" ಅಂತ ನಿನ್ನೆ ಪೇಚಾಡಿದಳು. ಅಯ್ಯೋ ನನ್ನ ಕೂಸೆ, ಅದಕ್ಕೇನಂತೆ ಅಂದುಕೊಂಡೆ. ನನ್ನ ಗಂಡ ಇದ್ದಾಗ ನಾನು ಹೆಣೆದುಕೊಟ್ಟ ಉರುಲಿನಲ್ಲಿ ದಿನಕ್ಕೆ ಎಂಟು ಹತ್ತು ಗೌಜಲು ಬೀಳುತ್ತಿದ್ದವು. ಉರುಲು ಹೆಣೆಯುವ ಕುದುರೆ ಬಾಲದ ಕೂದಲು ಇನ್ನೂ ಗೋಡೆಯ ಮಾಡದಲ್ಲಿತ್ತು. ಬೆಳಿಗ್ಗೆ ಅದು ಮೇಯಲು ಇಳಿಯುವ ದಾರಿಗೆ ಉರುಲು ಇಟ್ಟೆ. ಹಿಡಿದು, ಇವಳ ಕೈಗೆ ಕೊಟ್ಟು, ನೋಡಿಯಾದ ಮೇಲೆ ಬಿಟ್ಟುಬಿಡೋಣ ಅಂತ.

ಹಕ್ಕಿ ಬಿತ್ತು. ನಾನು ಹೋಗುವ ಹೊತ್ತಿಗೆ ಸತ್ತಿತ್ತು. ಹಣೆಬರಹ.

ಪಾಲಮ್ಮ ಅಳಲಿಲ್ಲ, ಬೈಯಲಿಲ್ಲ. ಹಕ್ಕಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. "ಫಾರೆಸ್ಟ್‌ನೋರಿಗೆ ಗೊತ್ತಾದ್ರೆ ಕೇಸು. ಮೇಡಂಗೆ ನಾನೇನು ಹೇಳ್ಲಿ?" ಅಂದಳು. ಹಕ್ಕಿಯನ್ನು ಕೆಳಗಿಟ್ಟು, "ಮೊಟ್ಟೆ ಕೋಳಿ ಕಾವಿಗೆ ಇಟ್ರೆ ಮರಿ ಆಗ್ತಾವಂತೆ. ನಮ್ಮ ಹಟ್ಟೀಲಿ ಕೋಳಿ ಎಲ್ಲೈತೆ?" ಅಂದಳು. ಅಷ್ಟೇ. ಆಮೇಲೆ ಬಾಯಿ ಮುಚ್ಚಿದವಳು ತೆಗೆದಿಲ್ಲ.

ಫೆಬ್ರವರಿ 4, ಮಂಗಳವಾರ

ನಿನ್ನೆಯ ಬಾಕಿ ಬರೆಯುತ್ತೇನೆ. ನಮ್ಮ ಹಟ್ಟಿಯವರು ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ, ಹಟ್ಟಿಯ ಒಳಗೆ ಕಾಲಿಡಲು ಬಿಡುವುದಿಲ್ಲ. ಕುರಿ ಆಗುತ್ತದೆ, ಮೊಲ ಆಗುತ್ತದೆ, ಕಾಡಿನ ಹಕ್ಕಿ ಆಗುತ್ತದೆ, ಕೋಳಿ ಆಗುವುದಿಲ್ಲ. ಯಾಕೆ ಅಂತ ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ಕೇಳಿದ್ದೆ. "ಆಗಲ್ಲ ಅಂದ್ರೆ ಆಗಲ್ಲ" ಅಂದಳು.

ಹೊಳೆಯ ಆಚೆ ದಡದಲ್ಲಿ ಬೋರಕ್ಕನ ಹೊಲದ ಮನೆ. ಅವಳು ಬೇರೆ ಜನ, ಮನೆ ತುಂಬ ಕೋಳಿ. ಅವಳ ಕೋಳಿಗಳು ನನ್ನ ಶೇಂಗಾ ಕಣಕ್ಕೆ ನುಗ್ಗಿದ ವರ್ಷದಿಂದ ಅವಳಿಗೂ ನನಗೂ ಮಾತಿಲ್ಲ. ಹನ್ನೊಂದು ವರ್ಷ. ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ ಮಡಿಲಿಗೆ ಕಟ್ಟಿಕೊಂಡು ಹೋಗಿ ಅವಳ ಬೇಲಿ ಹೊರಗೆ ನಿಂತೆ.

"ಏಮಮ್ಮಾ, ದಾರಿ ತಪ್ಪಿತಾ?" ಅಂದಳು. ಬೋರಕ್ಕ ರಾಯದುರ್ಗದ ಕಡೆಯವಳು, ಚುಚ್ಚುವಾಗ ತೆಲುಗು ಬರುತ್ತದೆ.

"ದಾರಿ ತಪ್ಪಾಕೆ ನನಗೇನು ನಿನ್ ವಯಸ್ಸಾ? ಕಾವಿಗೆ ಕೂತ ಹೇಂಟೆ ಐತಾ?"

"ಕೋಳಿ ಅಂದ್ರೆ ಮೂಗು ಮುಚ್ಕಳೋರಿಗೆ ಹೇಂಟೆ ಯಾಕೆ?"

ಮಡಿಲು ಬಿಚ್ಚಿ ತೋರಿಸಿದೆ. ಮೊಟ್ಟೆ ನೋಡಿದಳು, ನನ್ನ ಮುಖ ನೋಡಿದಳು. "ತಾಯಿನ ಹಿಡಿದ್ಯಾ?" ಅಂದಳು. ನಾನು ಮೊಟ್ಟೆಗಳನ್ನು ಅವಳ ಕೈಗೆ ಕೊಟ್ಟೆ. ಅವಳು ಒಳಗೆ ಹೋಗಿ ಹೇಂಟೆಯ ಕೆಳಗಿನ ಒಂಬತ್ತು ಮೊಟ್ಟೆ ತೆಗೆದು, ನನ್ನ ಆರನ್ನು ಇಟ್ಟಳು. ಹೊರಗೆ ಬಂದು ಹೇಳಿದಳು: "ನಂಗೆ ಹೊಲದಾಗೆ ಈರುಳ್ಳಿ ಕೆಲ್ಸ ಐತೆ. ಮುಂಗುಸಿ ಕಾಟ ಬೇರೆ. ದಿನಾ ಬಂದು ನೀನೇ ಕಾಯಿ. ಹೇಂಟೆ ಮೇಯಾಕೆ ಎದ್ರೆ ತಿರುಗಿ ಕೂತ್ಕಂತೈತಾ ನೋಡು. ಕೂರ್ಲಿಲ್ಲ ಅಂದ್ರೆ ಹಿಡಿದು ಕೂರ್ಸು."

"ಹಿಡಿಯಾದಾ? ನಾನಾ?"

"ನಿನ್ ಮೊಟ್ಟೆಗೆ ನಾನು ಹಿಡೀಲಾ?"

ಫೆಬ್ರವರಿ 5, ಬುಧವಾರ

ಮೈದುನ ದೊಡ್ಡಪಾಲಯ್ಯ ಹಟ್ಟಿಯ ಯಜಮಾನ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಅವನ ಕಿವಿ ಮುಟ್ಟಿತ್ತು. "ಅತ್ತಿಗಮ್ಮ, ಹೋಗಬ್ಯಾಡ ಅನ್ನಲ್ಲ. ಅಲ್ಲಿಂದ ಬಂದಾಗೆಲ್ಲ ಹೊಳೇಲಿ ಮುಳುಗಿ ಬಾ" ಅಂದ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಸೀರೆ ಒಣಗುವುದಿಲ್ಲ. ಮಂಡಿ ನೋವು.

ಪಾಲಮ್ಮನಿಗೆ ಮೊಟ್ಟೆ ಎಲ್ಲಿದೆ ಅಂತ ಗೊತ್ತು. ಕೇಳಲಿಲ್ಲ.

ಫೆಬ್ರವರಿ 8, ಶನಿವಾರ

ಬರೆಯುವಂಥದ್ದು ಏನೂ ಇಲ್ಲ. ಹೊಳೆಯ ಗುಂಡಿಯಲ್ಲಿ ಕುತ್ತಿಗೆವರೆಗೆ ನೀರಿನಲ್ಲಿ ಕೂತಿದ್ದಾಗ ಕಪ್ಪು ಬಿಳಿ ಮಿಂಚುಳ್ಳಿ ನನ್ನ ತಲೆ ಮೇಲೇ ರೆಕ್ಕೆ ಬಡಿಯುತ್ತ ನಿಂತಿತು. ನಿಂತಲ್ಲೇ ನಿಂತು, ಕಲ್ಲು ಬಿದ್ದ ಹಾಗೆ ಬಿತ್ತು. ಮೀನು ಸಿಗಲಿಲ್ಲ. ಮತ್ತೆ ನಿಂತಿತು. ನಾಲ್ಕನೇ ಸಲಕ್ಕೆ ಸಿಕ್ಕಿತು. ಅಷ್ಟು ಹೊತ್ತು ನಾನು ನೀರಿನಲ್ಲೇ ಇದ್ದೆ, ಬೆರಳು ಸುಕ್ಕಾದವು.

ಬಂಡೆ ಸಂದಿನ ಅತ್ತಿ ಮರದಲ್ಲಿ ಹಳದಿ ಕತ್ತಿನ ಪಿಕಳಾರ ಎರಡು. ಇದನ್ನು ನೋಡಲು ಬೆಂಗಳೂರಿನವರು ಬಿಂದಿಗೆಯಷ್ಟು ದೊಡ್ಡ ಕ್ಯಾಮರಾ ಹೊತ್ತು ಬರುತ್ತಾರಂತೆ. ನಾನು ಮೀಯುತ್ತ ಬರಿಗಣ್ಣಲ್ಲಿ ನೋಡಿದೆ. ಎದುರು ಗುಡ್ಡದ ಕೊರಕಲಿನಲ್ಲಿ ಕೊಂಬಿನ ಗೂಬೆ ಹಗಲಿಡೀ ಕೂತಿರುತ್ತದೆ, ಒಂದು ಕಣ್ಣು ಮುಚ್ಚಿ ಒಂದು ತೆಗೆದು, ನಮ್ಮ ಮೈದುನ ಪಂಚಾಯಿತಿಯಲ್ಲಿ ಕೂತ ಹಾಗೆ. ತೇದಿ ಹಾಕಿ ಮೂರನ್ನೂ ಬರೆದಿದ್ದೇನೆ. ಬೇಕಾದವರು ಓದಿಕೊಳ್ಳಲಿ ಅಂತ ಪುಸ್ತಕ ಒಲೆಯ ಪಕ್ಕದಲ್ಲೇ ಬಿಟ್ಟಿದ್ದೆ. ಓದಿದ ಹಾಗೆ ಕಾಣಲಿಲ್ಲ. ಇನ್ನು ಪೆಟ್ಟಿಗೆಯಲ್ಲಿ ಇಡುತ್ತೇನೆ.

ಹಳೆಯ ಗೂಡಿನ ಹತ್ತಿರ ಗಂಡು ಗೌಜಲು ಬೆಳಿಗ್ಗೆಯಿಂದ ಕೂಗುತ್ತಿತ್ತು. ಒಂದು ಸಲ ಕೂಗಿ, ಕೇಳಿಸಿಕೊಂಡು, ಮತ್ತೆ ಕೂಗುವುದು. ಕೂಗಿಕೊಳ್ಳಲಿ. ಗುಡ್ಡದಲ್ಲಿ ಹೆಣ್ಣಿಗೆ ಬರವೇ?

ಫೆಬ್ರವರಿ 9, ಭಾನುವಾರ

ಇವತ್ತೂ ಕೂಗಿತು.

ಫೆಬ್ರವರಿ 11, ಮಂಗಳವಾರ

ಪಾಲಮ್ಮ ಈಗ ಮೇಕೆಯ ಮೂಲಕ ಮಾತಾಡುತ್ತಾಳೆ. "ಮೇಕೆ, ಮುದ್ದೆ ಆರ್ತೈತೆ ಅಂತ ಅಜ್ಜಿಗೆ ಹೇಳು." ನಾನೂ ಬಿಡಲಿಲ್ಲ. "ಮೇಕೆ, ಕಾಲೇಜು ಓದಿದೋರಿಗೆ ಸಾರಿಗೆ ಉಪ್ಪು ಹಾಕಾದು ಕಲಿಸಲಿಲ್ವಾ ಕೇಳು." ಮೇಕೆ ಇಬ್ಬರ ಮುಖವನ್ನೂ ನೋಡಿ ನನ್ನ ಸೆರಗು ತಿಂದಿತು. ಪಾಲಮ್ಮನಿಗೆ ನಗು ಬಂತು. ಬಂದದ್ದು ಗೊತ್ತಾಗಬಾರದು ಅಂತ ಎದ್ದು ಹೊರಗೆ ಹೋದಳು.

ಹೇಂಟೆ ದಿನಕ್ಕೆ ಒಂದೇ ಸಲ ಏಳುತ್ತದೆ. ಕಾಳು ನಾಲ್ಕು ತಿಂದು, ಮಣ್ಣಿನಲ್ಲಿ ಹೊರಳಿ, ಓಡಿ ಬಂದು ಕೂರುತ್ತದೆ. ಕೂರುವ ಮೊದಲು ಕೊಕ್ಕಿನಿಂದ ಮೊಟ್ಟೆ ಒಂದೊಂದನ್ನೂ ಹೊರಳಿಸುತ್ತದೆ. ತನ್ನದಲ್ಲ ಅಂತ ಅದಕ್ಕೆ ತಿಳಿಯುವುದಿಲ್ಲವೋ, ತಿಳಿದೂ ಸುಮ್ಮನಿದೆಯೋ. ಎಪ್ಪತ್ತೊಂದು ವರ್ಷಕ್ಕೆ ಕೋಳಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ವಾಸನೆ ಇದೆ. ಅಭ್ಯಾಸವಾಗುತ್ತದೆ.

ಫೆಬ್ರವರಿ 13, ಗುರುವಾರ

ಬೋರಕ್ಕನ ಮಗಳಿಗೆ ಪರಶುರಾಂಪುರದಲ್ಲಿ ಹೆರಿಗೆ ನೋವು ಬಂದಿದೆಯಂತೆ. ನಾಳೆ ಬೆಳಿಗ್ಗೆ ಮನೆಗೆ ಬೀಗ ಹಾಕಿ ಹೋಗುತ್ತಾಳೆ, ನಾಲ್ಕೈದು ದಿನ ಬರುವುದಿಲ್ಲ. ಹೊಲದ ಮನೆ, ಕಾವಲಿಲ್ಲ. ನಾಯಿಗಳು ಮೊನ್ನೆಯಷ್ಟೇ ಎರಡು ಕೋಳಿ ಒಯ್ದಿವೆ. ಉಳಿದ ಕೋಳಿಗಳನ್ನು ಅಕ್ಕನ ಮನೆಗೆ ಬಿಡುತ್ತಾಳೆ; ಕಾವಿಗೆ ಕೂತದ್ದನ್ನು ಅಷ್ಟು ದೂರ ಅಲುಗಾಡಿಸುವಂತಿಲ್ಲ.

"ಇದುನ್ನ ಮೊಟ್ಟೆ ಸಮೇತ ನೀನೇ ತಗಂಡು ಹೋಗು" ಅಂದಳು.

"ಎಲ್ಲಿಗೆ? ನನ್ ತಲೆ ಮೇಲಕ್ಕಾ?"

"ನಿಮ್ಮ ಹಟ್ಟಿಗೆ ಆಗಲ್ಲ ಅಂತ ನಂಗೂ ಗೊತ್ತಮ್ಮಾ. ಇನ್ನು ಮೂರ್ನಾಕು ದಿನದಾಗೆ ಒಡೀತಾವೆ. ಈಗ ಬಿಟ್ರೆ ಎಲ್ಲ ಹಾಳು."

ಸಂಜೆ ದೊಡ್ಡಪಾಲಯ್ಯನ ಹತ್ತಿರ ಹೋಗಿ ನಿಂತೆ. ನಾನು ಕೇಳುವ ಮೊದಲೇ ಅವನು, "ಆಗಲ್ಲ" ಅಂದ.

"ನಾನಿನ್ನೂ ಕೇಳೇ ಇಲ್ಲ."

"ನೀನು ಕೇಳಿ, ನಾನು ಆಗಲ್ಲ ಅಂದು, ನೀನು ನನ್ ವಂಶ ಎಲ್ಲ ಜಾಲಾಡಿ... ಅಷ್ಟೊತ್ತು ಯಾಕೆ ಅತ್ತಿಗಮ್ಮ?"

ಹಟ್ಟಿಗೆ ಕೋಳಿ ತರುವ ಹೆಂಗಸು ನಾನಾಗುವುದಿಲ್ಲ. ಅದು ನನ್ನತ್ತೆ ಕಾಯ್ದ ಕಟ್ಟಳೆ, ಅವಳತ್ತೆ ಕಾಯ್ದದ್ದು. ಮೊಟ್ಟೆ ಬಿಡುವವಳೂ ನಾನಾಗುವುದಿಲ್ಲ. ಹೊಳೆ ದಂಡೆಯ ದೊಡ್ಡ ಬಂಡೆಯ ಕೆಳಗೆ ಕುರಿಯವರು ಮಳೆಗೆ ನಿಲ್ಲುವ ಗವಿ ಇದೆ. ಹಟ್ಟಿಯ ಗಡಿಯಿಂದ ಹೊರಗೆ. ಕಂಬಳಿ, ಒಂದು ಕೊಡ, ರಾಗಿ ಹಿಟ್ಟು, ಬೆಂಕಿಪೊಟ್ಟಣ, ಈ ಪುಸ್ತಕ ಕಟ್ಟಿಟ್ಟಿದ್ದೇನೆ. ಪಾಲಮ್ಮ ನೋಡಿದಳು. ಮೇಕೆಗೂ ಏನೂ ಹೇಳಲಿಲ್ಲ.

ಫೆಬ್ರವರಿ 14, ಶುಕ್ರವಾರ

ಬೋರಕ್ಕ ಹೇಂಟೆಯನ್ನು ಮೊಟ್ಟೆಯ ಮೇಲೆ ಕೂತ ಹಾಗೇ ಮಂಕರಿಯಲ್ಲಿಟ್ಟು, ಮೇಲೆ ಗೋಣಿತಾಟು ಮುಚ್ಚಿ, ಗವಿಯ ತನಕ ಹೊತ್ತು ತಂದುಕೊಟ್ಟು ಬಸ್ಸಿಗೆ ಓಡಿದಳು. "ಅಲುಗಾಡಿಸಬ್ಯಾಡ. ಮೂರ್ತಿ ಹಂಗೆ ಕೂತ್ಕ" ಅಂದಳು. ಮಂಕರಿ ಒಂದು ಮೂಲೆ, ನಾನೊಂದು ಮೂಲೆ.

ಗವಿಯ ಬಾಯಿಂದ ಕಣಿವೆ ಎರಡು ತಿರುವಿನವರೆಗೆ ಕಾಣುತ್ತದೆ. ನೀರು ಈಗ ಗುಂಡಿ ಗುಂಡಿಯಲ್ಲಿ ನಿಂತಿದೆ, ನಡುವೆ ಮರಳು. ಮೊದಲ ಗುಂಡಿಗೆ ಬೆಳಿಗ್ಗೆ ಪುರಲೆ ಹಕ್ಕಿಯ ಹಿಂಡು ನೀರಿಗೆ ಬಂತು. ಒಂದು ಮುಂದೆ ಬಂದು ನೋಡಿ, ತಿರುಗಿ ಹೋಗಿ, ಉಳಿದವನ್ನು ಕರೆತಂದಿತು. ಹದಿನಾಲ್ಕು. ಮೊದಲಾಗಿದ್ದರೆ ಹದಿನಾಲ್ಕಕ್ಕೆ ಎಷ್ಟು ಉರುಲು, ಎಲ್ಲಿ ಎಲ್ಲಿ ಅಂತ ಕಣ್ಣು ಲೆಕ್ಕ ಹಾಕುತ್ತಿತ್ತು. ಇವತ್ತು ಅವು ನೀರು ಕುಡಿದು ಹೋದಮೇಲೆ ನೆನಪಾಯಿತು. ಟಿಟ್ಟಿಭ ಎರಡು ಮರಳಿನಲ್ಲಿ, ಇಡೀ ದಿನ ಬೈಗುಳ; ಬೈಯುವುದರಲ್ಲಿ ನನಗೆ ಸರಿಸಮ ಸಿಕ್ಕವು. ಮಧ್ಯಾಹ್ನ ಕಳ್ಳಿಪೀರ ಏಳು, ತಂತಿಯ ಮೇಲೆ. ನವಿಲು ಮೂರು. ಹದ್ದು ಒಂದು. ಹೆಸರು ಗೊತ್ತಿಲ್ಲದ ಬೂದು ಬಣ್ಣದ್ದು ಒಂದು; ಬಾಲ ಕುಣಿಸುತ್ತ ಕಲ್ಲಿಂದ ಕಲ್ಲಿಗೆ ಹಾರುತ್ತದೆ. ಇಷ್ಟು ದಿನ ಅದಕ್ಕೆ ಹೆಸರಿರಬಹುದು ಅಂತಲೇ ಹೊಳೆದಿರಲಿಲ್ಲ. ಒಂದು ಹಿಡಿ ಮಾಂಸವೂ ಇಲ್ಲದ ಹಕ್ಕಿ, ಅದಕ್ಕೇ ಇರಬೇಕು.

ಕತ್ತಲಾಗುವ ಹೊತ್ತಿಗೆ ದೊಡ್ಡಪಾಲಯ್ಯ ಕುಡುಗೋಲು, ಟಾರ್ಚು ಹಿಡಿದು ಬಂದು ಮೂವತ್ತು ಹೆಜ್ಜೆ ದೂರದ ಕಲ್ಲಿನ ಮೇಲೆ ಕೂತ.

"ಯಾಕೆ ಬಂದೆ?"

"ಕರಡಿ ಓಡಾಡ್ತೈತೆ ಇಲ್ಲಿ."

"ಕೋಳಿ ಹತ್ರ ಬರ್ಬಾರ್ದಲ್ಲ ನೀನು?"

"ಕೋಳಿ ಹತ್ರ ಎಲ್ಲಿ ಬಂದಿದೀನಿ? ಅಣ್ಣನ ಹೆಂಡ್ತಿ ಹತ್ರ ಬಂದಿದೀನಿ. ಸುಮ್ನೆ ಮಲಗು."

ಫೆಬ್ರವರಿ 15, ಶನಿವಾರ

ಇವತ್ತು ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹತ್ತು ಗಂಟೆಯ ಬಿಸಿಲಿಗೆ ಹೇಂಟೆ ಮೇಯಲು ಎದ್ದಿತು. ಹೊಸ ಜಾಗ. ಬೇಲಿ ಇಲ್ಲ, ಮನೆ ಇಲ್ಲ. ಕಾಳು ಹಾಕಿದರೆ ಮೂಸಲಿಲ್ಲ. ಕೊಕ್ಕೊಕ್ಕೋ ಅಂತ ಹೊಳೆಯ ಮರಳಿಗೆ ಇಳಿಯಿತು. ತಿರುಗಿ ಬರಲಿಲ್ಲ. ನಾನು ಮುಂದೆ ಹೋದರೆ ಅದು ಇನ್ನೂ ಮುಂದೆ. ಆಚೆ ದಡಕ್ಕೆ, ತನ್ನ ಮನೆ ಕಡೆಗೆ ಮುಖ. ಮೊಟ್ಟೆ ಮುಟ್ಟಿ ನೋಡಿದೆ, ತಣ್ಣಗಾಗುತ್ತಿದ್ದವು. ಕಂಬಳಿ ಮುಚ್ಚಿದೆ. ಮತ್ತೆ ಕೋಳಿಯ ಹಿಂದೆ ಓಡಿದೆ. ಓಡಿದೆ ಅಂದರೆ ಈ ಮಂಡಿಯಲ್ಲಿ ಎಷ್ಟೋ ಅಷ್ಟು.

ಅಷ್ಟರಲ್ಲಿ ಪಾಲಮ್ಮ ಬಂದಳು. ಬುತ್ತಿ ತಂದಿದ್ದಳು. ನನ್ನ ಅವಸ್ಥೆ ನೋಡಿ ಬುತ್ತಿಯನ್ನು ಕಲ್ಲಿನ ಮೇಲಿಟ್ಟು ಮರಳಿಗೆ ಧುಮುಕಿದಳು. ಇಬ್ಬರೂ ಕೋಳಿಯಿಲ್ಲದ ಮನೆಯಲ್ಲಿ ಬೆಳೆದವರು. ಕೋಳಿಯನ್ನು ಹೇಗೆ ಕರೆಯುತ್ತಾರೆ ಅಂತಲೇ ಗೊತ್ತಿಲ್ಲ. ಅವಳು "ಬಾ ಬಾ" ಅಂದಳು. ನಾನು ಕುರಿಗೆ ಹೊಡೆಯುವ ಹಾಗೆ "ಹೈ ಹೈ" ಅಂದೆ. ಕೋಳಿ ಬಂಡೆ ಹತ್ತಿತು.

"ಹಂಗೆ ಬೆದರಿಸಬ್ಯಾಡ ಅಜ್ಜೀ! ಆ ಕಡೆಯಿಂದ ಬಾ!" ಹನ್ನೆರಡು ದಿನದ ಮೇಲೆ ಮೊದಲ ಮಾತು. ನಾನು ಗಮನಿಸಿದೆ, ಆ ಕಡೆಗೆ ಓಡಿದೆ.

ಅವಳು ದುಪ್ಪಟ್ಟ ಹಿಡಿದು ಒಂದು ಕಡೆ ಅಡ್ಡ ನಿಂತಳು. ಕೋಳಿ ಕಲ್ಲಿನ ಸಂದಿಗೆ ನುಗ್ಗಿತು. ಸಂದಿ ನನ್ನ ಕಡೆ. ಕೈ ಹಾಕಿ ಎರಡು ರೆಕ್ಕೆಯ ಮೇಲೆ ಎರಡು ಕೈ ಇಟ್ಟು ಎತ್ತಿದೆ. ಒದೆಯಿತು, ಮೊಣಕೈ ಪರಚಿತು. ಎದೆಗೆ ಒತ್ತಿಕೊಂಡಾಗ ಸುಮ್ಮನಾಯಿತು. ಒಳಗೆ ಎದೆ ಬಡಿದುಕೊಳ್ಳುವುದು ನನ್ನ ಅಂಗೈಗೆ ತಾಕುತ್ತಿತ್ತು. ಬಿಸಿ ಮೈ. ಕತ್ತು ನನ್ನ ಹೆಬ್ಬೆರಳಿನ ಹತ್ತಿರವೇ ಇತ್ತು.

ಗವಿಗೆ ತಂದು ಮೊಟ್ಟೆಯ ಮೇಲೆ ಇಟ್ಟು, ಅದು ಕೂರುವ ತನಕ ಕೈ ತೆಗೆಯಲಿಲ್ಲ. ಕೂತಿತು. ಕೊಕ್ಕಿನಿಂದ ಮೊಟ್ಟೆ ಹೊರಳಿಸಿಕೊಂಡಿತು. ಪಾಲಮ್ಮ ನನ್ನ ಪಕ್ಕದಲ್ಲಿ ಮಂಡಿಯೂರಿದ್ದಳು.

"ಅವತ್ತು ಆ ಗೌಜಲು ಸತ್ತಿರ್ಲಿಲ್ಲ ಕಣೇ" ಅಂದೆ.

ಅವಳು ಕಂಬಳಿ ಮಡಿಸತೊಡಗಿದಳು.

"ಜೀವ ಇತ್ತು. ಬಿಡಿಸ್ಕಂಡು ಕೈಗೆ ತಗಂಡೆ. ಕೈ ತಾನೇ ಕತ್ತು ತಿರುವಿ ಹಾಕ್ತು. ಹಿಡಿದ ಹಕ್ಕೀನ ಇನ್ನೇನು ಮಾಡಾದು ಅಂತ ನನ್ ಕೈಗೆ ಗೊತ್ತೇ ಇಲ್ಲ."

"ಗೊತ್ತು" ಅಂದಳು. "ಉರುಲು ಬಿದ್ದಿದ್ದು ಕಾಲಿಗೆ. ಕಾಲು ಸಿಕ್ಕಂಡು ಯಾವ ಹಕ್ಕಿ ಸಾಯ್ತೈತೆ?"

ಅಂದರೆ ಅವತ್ತೇ ಗೊತ್ತಿತ್ತು. ತಿರುಗಿಸಿ ನೋಡಿದಾಗಲೇ. ಇಷ್ಟು ದಿನ ಗೊತ್ತಿದ್ದೂ ನನಗೆ ಮುದ್ದೆ ಮಾಡಿ ಹಾಕಿದ್ದಾಳೆ.

ಬುತ್ತಿ ಬಿಚ್ಚಿದೆವು. ಸಾರಿಗೆ ಉಪ್ಪು ಸರಿಯಾಗಿತ್ತು. ಎರಡನೇ ಸಲ ಹಾಕಿಸಿಕೊಂಡೆ. ಬಾಲ ಕುಣಿಸುವ ಬೂದು ಹಕ್ಕಿಯನ್ನು ತೋರಿಸಿದೆ. ಅವಳು ಹೆಸರು ಹೇಳಿದಳು: ಕುಂಡೆಕುಸ್ಕ. ನಗುತ್ತ ಹೇಳಿದ್ದರಿಂದ ನಿಜವೋ ಸುಳ್ಳೋ ತಿಳಿಯಲಿಲ್ಲ. ತನ್ನ ಹಕ್ಕಿ ಚಿತ್ರದ ಪುಸ್ತಕ ತೆಗೆದು ತೋರಿಸಿದಳು. ನಿಜವೇ.

ಫೆಬ್ರವರಿ 16, ಭಾನುವಾರ

ಒಂದು ಮೊಟ್ಟೆಗೆ ಕೂದಲೆಳೆಯಷ್ಟು ಬಿರುಕು. ಕಿವಿ ಹತ್ತಿರ ಇಟ್ಟರೆ ಒಳಗೆ ಕಟಕಟ. ಪಾಲಮ್ಮನಿಗೂ ಕೇಳಿಸಿದೆ. ದೊಡ್ಡಪಾಲಯ್ಯ ದೂರದಿಂದಲೇ, "ಏನಂತೆ?" ಅಂದ. "ಬಂದು ಕೇಳಿಸ್ಕ" ಅಂದೆ. ಬರಲಿಲ್ಲ. ಹೆಜ್ಜೆ ಎಣಿಸಿದೆ. ಮೊನ್ನೆಯ ಮೂವತ್ತು ಇವತ್ತು ಇಪ್ಪತ್ತೆರಡೇ ಆಗಿತ್ತು.

ಫೆಬ್ರವರಿ 17, ಸೋಮವಾರ

ನಾಲ್ಕು.

ಎರಡು ಒಡೆಯಲಿಲ್ಲ. ಪಾಲಮ್ಮ ಒಂದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. ಉಳಿದ ನಾಲ್ಕು ಮರಿ ಮೈ ಒಣಗುತ್ತಲೇ ಎದ್ದು ನಿಂತವು. ಕಂದು ಪಟ್ಟೆ, ಹುಣಸೆ ಬೀಜದ ಬಣ್ಣ. ಸಂಜೆಗೆ ಓಡುತ್ತಿದ್ದವು. ಹೇಂಟೆಗೆ ತನ್ನ ಮರಿ ಇಷ್ಟು ಚುರುಕಿರುವುದು ನೋಡಿ ಗಾಬರಿ. ಕರೆದು ಕರೆದು ರೆಕ್ಕೆ ಕೆಳಗೆ ಸೇರಿಸುತ್ತದೆ. ಗೆದ್ದಲು ಹುತ್ತ ಕೆದಕಿ ಗೆದ್ದಲು ತಂದು ಹಾಕಿದೆ. ತಿಂದವು. ಬರೆಯಲು ಬಿಡುವಿಲ್ಲ.

ಫೆಬ್ರವರಿ 19, ಬುಧವಾರ

ಬೋರಕ್ಕ ಬಂದಳು. ಹೆಣ್ಣು ಮೊಮ್ಮಗು, ತೂಕ ಚೆನ್ನಾಗಿದೆಯಂತೆ. ನಾಲ್ಕು ಮರಿ ನೋಡಿ, "ಪರವಾಗಿಲ್ಲೆ, ಕೋಳಿ ಕಾಯಾಕೆ ಬಂತು ನಿಂಗೆ" ಅಂದಳು. ಹೇಂಟೆಯನ್ನೂ ಮರಿಗಳನ್ನೂ ತನ್ನ ಹೊಲಕ್ಕೆ ಒಯ್ದಳು. ರೆಕ್ಕೆ ಬಲಿತು ಗುಡ್ಡಕ್ಕೆ ಹಾರುವ ತನಕ ಅಲ್ಲೇ. ದಿನಾ ಗೆದ್ದಲು ಒಯ್ಯುವುದು ನನ್ನ ಕೆಲಸ. ದಿನಾ ಹೊಳೆಯಲ್ಲಿ ಮುಳುಗುವುದೂ ನನ್ನ ಕೆಲಸ.

ಸಂಜೆ ಮಿಂದು, ದೊಡ್ಡಪಾಲಯ್ಯ ಗಂಜಲ ಚಿಮುಕಿಸಿದ ಮೇಲೆ ಹಟ್ಟಿಯೊಳಗೆ ಬಂದೆ. ಪಾಲಮ್ಮ ದೀಪದ ಕೆಳಗೆ ಮೇಡಂಗೆ ಒಪ್ಪಿಸುವ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಗೂಡಿಗೊಂದು ಹಾಳೆ. ಗೌಜಲು ಗೂಡಿನ ಹಾಳೆ ಬಂದಾಗ ಪೆನ್ನು ನಿಂತಿತು.

"ಮೊಟ್ಟೆ ಆರು, ಮರಿ ನಾಕು" ಅಂತ ಬರೆದಳು. "ಇಲ್ಲಿ ತಾಯಿಹಕ್ಕಿ ಏನಾಯ್ತು ಅಂತ ಕೇಳ್ತಾರೆ ಅಜ್ಜೀ. ನಾಯಿ ಹಿಡೀತು ಅಂತ ಹಾಕ್ತೀನಿ. ದಿನಾ ಎಲ್ಲಾ ಕಡೆ ನಾಯಿ ಹಿಡೀತಾವೆ."

"ನಾಯಿ ಏನು ಮಾಡಿತ್ತು ಪಾಪ?"

"ಮೇಡಂ ಸುಮ್ನಿರೋರಲ್ಲ. ಫಾರೆಸ್ಟ್‌ನೋರಿಗೆ ಹೇಳಿದ್ರೆ?"

"ಬರ್ಲಿ. ನಾನೆಲ್ಲಿಗೆ ಓಡಿ ಹೋಗ್ತೀನಿ? ಮಂಡಿ ನೋಡಿದೀಯಲ್ಲ."

"ಅಜ್ಜೀ, ನಿನ್ ಹೆಸರು ನಾನು ಬರೆಯಲ್ಲ" ಅಂದಳು.

ಪೆನ್ನು ಇಸಿದುಕೊಂಡೆ. ತಾಯಿಹಕ್ಕಿ ಅಂತ ಇದ್ದ ಕಡೆ ಬರೆದೆ: ಉರುಲಿಟ್ಟು ಹಿಡಿದು ಕತ್ತು ತಿರುವಿದ್ದು ಜೋಗಮ್ಮ, ಪಾಲಮ್ಮನ ಅಜ್ಜಿ. ಪಾಲಮ್ಮನದು ಏನೂ ತಪ್ಪಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಗೆರೆ ಮುಗಿದು, ಕೊನೆಯ ಎರಡು ಮಾತು ಕೆಳಗಿನ ಖಾನೆಗೆ ಇಳಿದವು. ಅಕ್ಷರ ಸೊಟ್ಟಗೆ ಬಂದಿವೆ. ಪಾಲಮ್ಮನಿಗೆ ಓದಲು ಕೊಟ್ಟೆ. "ಸೊಟ್ಟ ಇದ್ರೂ ಓದಾಕೆ ಬರ್ತೈತೆ" ಅಂದು ಹಾಳೆಯನ್ನು ಉಳಿದವುಗಳ ಜೊತೆ ಸೇರಿಸಿದಳು.